ಚಾಸಿಯ ಮೇಲೆ ಮೂರು ಪೆಟ್ಟು

ದೆವ್ವ, ಪಿಶಾಚಿ ಅಂದವರನ್ನು ಗೇಲಿ ಮಾಡುವುದರಲ್ಲಿ ನನ್ನದು ಎತ್ತಿದ ಕೈ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳನ್ನು ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಕರೆದೊಯ್ದು, ಸಂಜೆ ವಾಪಸು ತಂದು ಬಿಡುವ ವ್ಯಾನು ನನ್ನದಿತ್ತು. ಅವರು ದಾರಿಯುದ್ದಕ್ಕೂ ಹುಣಸೆಮರದ ದೆವ್ವ, ಹಳ್ಳದ ಮೋಹಿನಿ ಎಂದು ಮಾತಾಡಿಕೊಂಡು ತಾವೇ ಹೆದರುತ್ತಿದ್ದರು. ನಾನು ಬೇಕೆಂದೇ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದೆ. ಅಂಜಿದವರ ಮೇಲೆ ಕಪ್ಪೆ ಎಸೆಯುವ ಚಾಳಿ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ಈಗ ನಗುವ ಸರದಿ ಅವರದು, ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬಿ ಎಂದು ಕೇಳುವುದಿಲ್ಲ, ನನಗೇ ಪೂರ್ತಿ ನಂಬಿಕೆಯಿಲ್ಲ.

ತಿಪ್ಪಣ್ಣ ನನಗೆ ಸಂಬಂಧಿಕನಲ್ಲ, ನಮ್ಮ ಓಣಿಯವನು, ನನಗಿಂತ ವಯಸ್ಸಿನಲ್ಲಿ ದೊಡ್ಡವನು. ಗಣಿಯ ಕಾಲದಲ್ಲಿ ಅದಿರು ಪುಡಿ ಮಾಡುವ ಯಂತ್ರದ ಪಕ್ಕ ವರ್ಷಗಟ್ಟಲೆ ನಿಂತು ಎರಡೂ ಕಿವಿ ಕಳೆದುಕೊಂಡಿದ್ದ. ಗಣಿ ನಿಂತ ಮೇಲೆ ಊರಿನ ಅರ್ಧ ಜನ ಬೆಂಗಳೂರಿನ ಗಾರ್ಮೆಂಟ್ಸಿಗೆ ಗುಳೆ ಹೋದರು. ಕಿವಿ ಕೇಳದವನನ್ನು ಅಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಅವನು ಊರಲ್ಲೇ ಉಳಿದ. ಅವನ ಹೆಂಡತಿ ಮಲ್ಲಮ್ಮ ಪ್ಯಾಂಟಿಗೆ ಗುಂಡಿ ಹಾಕುವ ಕೆಲಸಕ್ಕೆ ನನ್ನ ವ್ಯಾನಿನಲ್ಲೇ ಹೋಗುತ್ತಿದ್ದಳು. ಅವನು ಪ್ಯಾಂಟಿನ ಗಂಟು ಹೇರಲು, ಇಳಿಸಲು, ಗಾಡಿ ಕೆಟ್ಟರೆ ಕೈ ಹಚ್ಚಲು ನನಗೆ ಜೊತೆಯಾದ.

ಗಾಡಿ ಕೆಡುವುದಕ್ಕೇನೂ ಬರವಿರಲಿಲ್ಲ. ಅದರ ಕ್ಲಚ್ಚು ವೈರಿನದಲ್ಲ, ಆಯಿಲಿನದು. ಪೆಡಲ್ ಒತ್ತಿದರೆ ಪೈಪಿನೊಳಗಿನ ಆಯಿಲು ಹೋಗಿ ಕೆಳಗಿನ ಸಿಲಿಂಡರಿನ ಕಡ್ಡಿಯನ್ನು ತಳ್ಳಬೇಕು, ಆಗಲೇ ಗೇರು ಬೀಳುವುದು. ಪೈಪಿನೊಳಗೆ ಗಾಳಿ ಸೇರಿತೆಂದರೆ ಪೆಡಲು ನೆಲಕ್ಕೆ ಹೋಗಿ ಅಲ್ಲೇ ಮಲಗುತ್ತದೆ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಗಾಡಿಯ ಕೆಳಗೆ ಮಲಗಿ ಸಿಲಿಂಡರಿನ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ನಿಪ್ಪಲ್ ಬಿಗಿಯುವ ಮೊದಲೇ ಮೇಲಿನವನು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಎಲ್ಲರೂ "ಒತ್ತು", "ಬಿಡು" ಎಂದು ಕೂಗಿಕೊಂಡು ಮಾಡುವ ಕೆಲಸ ಇದು.

ತಿಪ್ಪಣ್ಣನಿಗೆ ಕೂಗಿ ಏನು ಪ್ರಯೋಜನ? ಅದಕ್ಕೆ ನಾವೇ ಒಂದು ದಾರಿ ಮಾಡಿಕೊಂಡಿದ್ದೆವು. ನಾನು ಕೆಳಗಿನಿಂದ ಸ್ಪ್ಯಾನರಿನಲ್ಲಿ ಚಾಸಿಗೆ, ಅಂದರೆ ಗಾಡಿಯ ತಳದ ಕಬ್ಬಿಣದ ಚೌಕಟ್ಟಿಗೆ, ಒಂದು ಪೆಟ್ಟು ಹೊಡೆದರೆ ಒತ್ತಿ ಹಿಡಿಯಬೇಕು. ಎರಡು ಹೊಡೆದರೆ ಬಿಡಬೇಕು. ಮೂರು ಹೊಡೆದರೆ ಕೆಲಸ ಮುಗಿಯಿತು, ಸಾಕು, ಇಳಿ. ಪ್ರತಿ ಸಲ ಒತ್ತಿ ಹಿಡಿದಾಗ ಅವನು ಇನ್ನೊಂದು ಕಾಲಿನ ಹಿಮ್ಮಡಿಯಿಂದ ಕಾಲಡಿಯ ತಗಡಿಗೆ ಧಡ್ ಎಂದು ಒಂದು ಏಟು ಕೊಡುತ್ತಿದ್ದ. ಪೆಡಲು ಗಟ್ಟಿಯಾಗಿದೆ, ಗಾಳಿಯೆಲ್ಲ ಹೋಯಿತು ಅನ್ನಿಸಿದರೆ ಎರಡು ಏಟು. "ನಿನ್ನ ಬಾಯಿ ನನಗ ಕೇಳಂಗಿಲ್ಲಪಾ, ಗಾಡಿ ಮಾತಾಡಿದ್ರ ಕಾಲಿಗೆ ತಿಳೀತೈತಿ" ಎಂದು ಊರಿಗೆಲ್ಲ ಕೇಳುವಂತೆ ಹೇಳಿ ನಗುತ್ತಿದ್ದ.

ಅಂಥ ತಿಪ್ಪಣ್ಣ ಕಾಮಾಲೆ ಏರಿ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಹೆಣ ತರಲು ಅವನ ತಮ್ಮ ಓಬಳೇಶನ ಜೊತೆ ನನ್ನ ವ್ಯಾನನ್ನೇ ಒಯ್ದೆ. ನಮ್ಮ ಕಡೆ ಊರ ಹೊರಗೆ ಸತ್ತವರನ್ನು ಊರೊಳಗೆ ತರುವಂತಿಲ್ಲ, ಸೀದಾ ಮಣ್ಣಿಗೇ ಒಯ್ಯಬೇಕು. ಆದರೆ ಮಲ್ಲಮ್ಮ ಹಿರಿಯರ ಕಾಲು ಹಿಡಿದಿದ್ದಳು. ತನ್ನ ಮನೆ ಮುಂದೆ ಒಂದು ಗಳಿಗೆ ಇಳಿಸಬೇಕು, ತನ್ನ ಕೈಯಾರೆ ನೀರು ಹಾಕಬೇಕು, ಅಷ್ಟೇ ಅವಳ ಬೇಡಿಕೆ. ಹಿರಿಯರು ಕೊನೆಗೆ ಒಪ್ಪಿ ನನಗೆ ಫೋನಿನಲ್ಲಿ ಹೇಳಿದರು: "ದೀಪ ಹಚ್ಚೋದ್ರೊಳಗ ಬಂದ್ರ ಮನಿ ಮುಂದ ಇಳಸ್ರಿ. ಕತ್ಲಾದ್ರ ಊರಿಗೆ ತರಬ್ಯಾಡ್ರಿ, ಸೀದಾ ಮಣ್ಣಿಗೆ ಹೋಗ್ರಿ."

ಹಿಂದಿನ ಸೀಟು ಬಿಚ್ಚಿದ್ದ ಜಾಗದಲ್ಲಿ, ನಾವು ಪ್ಯಾಂಟಿನ ಗಂಟು ಒಟ್ಟುತ್ತಿದ್ದಲ್ಲೇ, ತಿಪ್ಪಣ್ಣನನ್ನು ಮಲಗಿಸಿದೆವು. ಓಬಳೇಶ ಅಳುತ್ತಲೇ ಅಣ್ಣನ ಎರಡೂ ಕಾಲಿನ ಹೆಬ್ಬೆರಳು ಸೇರಿಸಿ ಬಟ್ಟೆಯ ಪಟ್ಟಿ ಕಟ್ಟಿದ. ಆಸ್ಪತ್ರೆಯವರು ಬಿಟ್ಟುಕೊಡುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಓಬಳಾಪುರ ದಾಟಿ ಸ್ವಲ್ಪ ದೂರ ಬಂದಿರಬೇಕು, ಗೇರು ಬದಲಿಸಲು ಕಾಲಿಟ್ಟರೆ ಪೆಡಲು ನೆಲಕ್ಕೆ ಹೋಗಿ ಮೇಲೇಳಲಿಲ್ಲ. ಗಾಡಿ ಬದಿಗೆ ತಂದು ನೋಡಿದೆ. ಕ್ಲಚ್ಚಿನ ಆಯಿಲ್ ಡಬ್ಬಿ ಬರಿದು, ಕೆಳಗೆ ತೊಟ್ಟಿಕ್ಕುತ್ತಿದೆ. ಸೀಟಿನಡಿ ಇದ್ದ ಆಯಿಲ್ ಸುರಿದು ಪೆಡಲ್ ತುಳಿದೆ, ಮತ್ತೆ ನೆಲಕ್ಕೇ ಹೋಯಿತು. ಕ್ಲಚ್ಚಿಲ್ಲದೆ ಗೇರಿನಲ್ಲೇ ಸ್ಟಾರ್ಟ್ ಮಾಡಿ ಎಳೆಯೋಣವೆಂದರೆ ಬ್ಯಾಟರಿಗೆ ಆ ತಾಕತ್ತಿರಲಿಲ್ಲ. ಸಿಲಿಂಡರಿನ ರಬ್ಬರು ಹರಿದಿದೆ ಎಂದು ಅವಸರದಲ್ಲಿ ತೀರ್ಮಾನಿಸಿ, ಬೈಕಿನವನೊಬ್ಬನನ್ನು ಅಡ್ಡಗಟ್ಟಿ ಓಬಳೇಶನನ್ನು ಹತ್ತಿಸಿದೆ. ಮುಂದೆ ಸಿಗುವ ಡಿ. ಹಿರೇಹಾಳಿನಿಂದ ಮೆಕ್ಯಾನಿಕ್ಕನನ್ನು ಕರೆತರಲಿ ಎಂದು.

ಅವನು ಹೋದ ಮೇಲೆ ಕೆಳಗೆ ತೂರಿ ಬಟ್ಟೆಯಲ್ಲಿ ಒರೆಸಿ ನೋಡಿದರೆ ರಬ್ಬರಿಗೇನೂ ಆಗಿರಲಿಲ್ಲ. ಸಿಲಿಂಡರಿಗೆ ಪೈಪು ಸೇರುವಲ್ಲಿ ನಟ್ಟು ಸಡಿಲವಾಗಿತ್ತು, ಅಷ್ಟೇ. ಬಿಗಿದೆ. ಸೋರುವುದು ನಿಂತಿತು. ಇನ್ನು ಗಾಳಿ ತೆಗೆದರೆ ಗಾಡಿ ಹೊರಡುತ್ತದೆ, ಆದರೆ ಪೆಡಲ್ ಒತ್ತಲು ಜನ ಇಲ್ಲ. ಕೈ ಅಡ್ಡ ಹಿಡಿದರೆ ರಸ್ತೆಗಂಟಿದ ಹಳೆಯ ಅದಿರಿನ ಧೂಳೆಬ್ಬಿಸುತ್ತ ಲಾರಿಗಳು ಹೋದವು. ನಿಂತವನೊಬ್ಬ ಒಳಗೆ ಇಣುಕಿ ಹೆಣ ಕಂಡು, "ತಪ್ಪು ತಿಳೀಬ್ಯಾಡ್ರಿ" ಎಂದು ಹೊರಟೇ ಹೋದ. ಜಾಕಿನ ರಾಡನ್ನು ಸೀಟಿಗೂ ಪೆಡಲಿಗೂ ನಡುವೆ ಆನಿಸಿ ಬಂದು ನಿಪ್ಪಲ್ ಬಿಚ್ಚಿದೆ. ರಾಡು ಜಾರಿ ಬಿತ್ತು. ಮತ್ತೆ ಆನಿಸಿದೆ, ಮತ್ತೆ ಬಿತ್ತು.

ಹೊತ್ತು ಗುಡ್ಡದ ಅಂಚಿಗೆ ಬಂದಿತ್ತು. ಮಲ್ಲಮ್ಮ ನೀರು ಕಾಯಿಸಿಕೊಂಡು ಬಾಗಿಲಲ್ಲಿ ಕೂತಿರುತ್ತಾಳೆ ಎಂಬುದು ಕಣ್ಣಿಗೆ ಕಟ್ಟಿ, ಗಾಡಿಯ ಕೆಳಗೆ ಮಲಗಿದ್ದವನಿಗೆ ಅಳು ಬಂತು. ಸುಳ್ಳೇಕೆ, ಜೋರಾಗಿಯೇ ಅತ್ತೆ. ಅಳುತ್ತಾ, ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ, ಕೈಯಲ್ಲಿದ್ದ ಸ್ಪ್ಯಾನರಿನಿಂದ ಚಾಸಿಗೆ ಒಂದು ಪೆಟ್ಟು ಹೊಡೆದೆ.

ಮೇಲೆ ತಗಡು ಧಡ್ ಅಂದಿತು.

ಓಬಳೇಶ ಬಂದನೆಂದುಕೊಂಡೆ. ಪಕ್ಕಕ್ಕೆ ಹೊರಳಿ ನೋಡಿದರೆ ರಸ್ತೆಯಲ್ಲಿ ಬೈಕಿರಲಿಲ್ಲ, ಗಾಡಿಯ ಸುತ್ತ ಯಾರ ಕಾಲೂ ಇರಲಿಲ್ಲ. ಕಣ್ಣೆದುರೇ ಸಿಲಿಂಡರಿನ ಕಡ್ಡಿ ನಿಧಾನವಾಗಿ ಮುಂದೆ ಬಂದು ನಿಂತಿತ್ತು. ಯಾರೋ ಪೆಡಲ್ ಒತ್ತಿ ಹಿಡಿದರೆ ಮಾತ್ರ ಅದು ಹಾಗೆ ಬರುತ್ತದೆ. ಎದ್ದು ಓಡಬೇಕಿತ್ತು, ಕೈ ಮಾತ್ರ ತನ್ನ ಕೆಲಸ ತಾನು ಮಾಡಿತು. ನಿಪ್ಪಲ್ ಸಡಿಲಿಸಿದೆ. ಬುಸ್ಸೆಂದು ಗಾಳಿ, ನೊರೆ, ಆಯಿಲು ಮುಖಕ್ಕೆ ಹಾರಿತು. ಬಿಗಿದೆ. ಎರಡು ಪೆಟ್ಟು ಹೊಡೆದೆ. ಕಡ್ಡಿ ಹಿಂದಕ್ಕೆ ಹೋಯಿತು. ಒಂದು ಹೊಡೆದೆ. ಧಡ್. ಹೀಗೆ ಎಷ್ಟು ಸಲ ನಡೆಯಿತೋ ನೆನಪಿಲ್ಲ. ಒಂದು ಸಲ ನೊರೆ ನಿಂತು ಬರೀ ಆಯಿಲು ಬಂದಾಗ ಮುಗಿಯಿತೆಂದು ನಾನು ಸುಮ್ಮನಾದೆ. ಮೇಲಿನಿಂದ ಒಂದೇ ಏಟು ಬಂತು, ಎರಡಲ್ಲ, ಅಂದರೆ ಗಾಳಿ ಇನ್ನೂ ಇದೆ. ಇನ್ನೊಮ್ಮೆ ಬಿಟ್ಟೆ. ನಿಜಕ್ಕೂ ಒಳಗೆ ಉಳಿದಿದ್ದ ಗಾಳಿ ಹೊರಬಂತು. ಆಮೇಲೆ ಎರಡು ಏಟು ಬಿದ್ದವು.

ನಿಪ್ಪಲ್ ಬಿಗಿದು, ಯಾವತ್ತಿನ ರೂಢಿಯಂತೆ, ಚಾಸಿಗೆ ಮೂರು ಪೆಟ್ಟು ಹೊಡೆದೆ.

ಹೊರಗೆ ಬಂದು ನೋಡಿದಾಗ ಮುಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ, ಜಾಕಿನ ರಾಡು ಬಿದ್ದಲ್ಲೇ ಬಿದ್ದಿತ್ತು. ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಪೆಡಲು ಹೊಸ ಗಾಡಿಯದರಷ್ಟು ಗಟ್ಟಿಯಾಗಿತ್ತು. ಗಾಡಿ ಎಬ್ಬಿಸಿ ಹೊರಟೆ. ಹಿರೇಹಾಳಿಗೆ ಮೊದಲೇ ಓಬಳೇಶ ಮೆಕ್ಯಾನಿಕ್ಕನೊಂದಿಗೆ ಎದುರಾದ. ಮೆಕ್ಯಾನಿಕ್ ಕಿಟಕಿಯಿಂದ ಕೈ ಹಾಕಿ ಪೆಡಲ್ ಒತ್ತಿ ನೋಡಿ, "ಏರ್ ಚಲೋ ತೆಗದೀರಿ. ಮ್ಯಾಲ ಯಾರ್ರಿ ಕುಂತಿದ್ರು?" ಅಂದ.

"ದಾರೀಲಿ ಹೋಗೋರೊಬ್ಬರು" ಅಂದೆ.

ದೀಪ ಹಚ್ಚುವ ಮೊದಲೇ ಊರು ಮುಟ್ಟಿದೆವು. ಮಲ್ಲಮ್ಮ ಮನೆ ಮುಂದೆಯೇ ಅವನಿಗೆ ನೀರು ಹಾಕಿದಳು. ಪಾದಕ್ಕೆ ಅರಿಶಿನ ಹಚ್ಚಲು ಬಾಗಿದವಳು ತಲೆಯೆತ್ತಿ, "ಬೆರಳಿಗೆ ಪಟ್ಟಿ ಯಾಕ ಕಟ್ಟಿಲ್ಲ?" ಎಂದು ಕೇಳಿದಳು. ಓಬಳೇಶ ಕಟ್ಟಿದ್ದೆ ಎಂದು ಆಣೆ ಮಾಡಿದ. ಆ ಪಟ್ಟಿ ಬಿಚ್ಚಿಕೊಂಡು ವ್ಯಾನಿನ ತಗಡಿನ ಮೇಲೆ ಬಿದ್ದಿತ್ತು. ರಸ್ತೆಯ ಕುಲುಕಾಟಕ್ಕೆ ಬಿಚ್ಚಿರಬೇಕು ಎಂದರು ಹಿರಿಯರು. ಮಲ್ಲಮ್ಮ ಸೆರಗಿನ ಅಂಚು ಹರಿದು ಮತ್ತೆ ಕಟ್ಟಿದಳು.

ಪೈಪಿನ ಗಾಳಿ ಕೆಲವು ಸಲ ತಾನೇ ಮೇಲೇರಿ ಹೋಗುತ್ತದೆ, ಬಿಸಿಲಿಗೆ ಕಾದ ತಗಡು ಸಂಜೆ ಸದ್ದು ಮಾಡುತ್ತದೆ ಎಂದು ಬಲ್ಲವರು ಹೇಳಿದ್ದಾರೆ. ಇರಬಹುದು. ಆದರೆ ಆ ಕಡ್ಡಿ ಮುಂದೆ ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಮಲ್ಲಮ್ಮನಿಗೆ ಹೇಳಬೇಕೆಂದು ಎಷ್ಟೋ ಸಲ ಹೊರಟು ಸುಮ್ಮನಾಗಿದ್ದೇನೆ. ಆ ವ್ಯಾನು ಈಗಿಲ್ಲ, ಮಾರಿಬಿಟ್ಟೆ. ನನ್ನನ್ನು ಕಾಡುವುದು ಪೆಡಲ್ ಒತ್ತಿದವರು ಯಾರು ಎಂಬುದೂ ಅಲ್ಲ. ಅದು ಅವನೇ ಆಗಿದ್ದರೆ, ಅಷ್ಟು ಹೊತ್ತು ಕೂತು ನನ್ನ ಕೆಲಸ ಮುಗಿಸಿಕೊಟ್ಟವನಿಗೆ ನಾನು ಒಂದು ಮಾತೂ ಆಡಲಿಲ್ಲ. ಮೂರು ಪೆಟ್ಟು ಹೊಡೆದು, ಸಾಕು, ಇಳಿ ಅಂದುಬಿಟ್ಟೆ. ಅವನು ಇಳಿದು ಹೋದ.