ಏಳೂವರೆಗೆ ಅವ್ವನ ಎದೆಬಡಿತ

ಗೆಳೆಯರೇ, ಇವತ್ತು ಹಿಮಾಯತ್‌ನಗರದ ಡಾಕ್ಟರ ಮೇಜಿನ ಮೇಲೆ ನಮ್ಮವ್ವ ರೊಟ್ಟಿ ಬಡಿದಳು. ಹಿಟ್ಟಿಲ್ಲದೆ.

ತಲೆಸುತ್ತು ಅಂತ ಮೊನ್ನೆ ಅವಳ ಎದೆಗೆ ಒಂದು ಪುಟ್ಟ ಮಷಿನ್ ಅಂಟಿಸಿ ಮನೆಗೆ ಕಳಿಸಿದ್ದರು. ಇಡೀ ದಿನದ ಎದೆಬಡಿತವನ್ನು ಅದು ಗೀಟುಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇವತ್ತು ರಿಪೋರ್ಟ್ ನೋಡಿದರೆ, ಬೆಳಿಗ್ಗೆ ಏಳೂವರೆಯಿಂದ ಎಂಟರವರೆಗೆ ಗೀಟುಗಳು ಹುಚ್ಚೆದ್ದು ಕುಣಿದಿದ್ದವು. ಡಾಕ್ಟರು ಕನ್ನಡಕ ತೆಗೆದರು. ಅಪ್ಪ ನನ್ನ ಕೈ ಹಿಡಿದುಕೊಂಡರು. ನಾನು ದೊಡ್ಡವಳಾದ ಮೇಲೆ ಅವರು ಹಾಗೆ ಹಿಡಿದದ್ದೇ ಇಲ್ಲ.

"ಆ ಹೊತ್ತಿಗೆ ಏನು ಮಾಡುತ್ತಿದ್ದಿರಮ್ಮ?" ಎಂದು ಡಾಕ್ಟರು ತೆಲುಗಿನಲ್ಲಿ ಕೇಳಿದರು.

"ರೊಟ್ಟಿ ಬಡ್ಯಾಕತ್ತಿದ್ನಿರಿ," ಎಂದಳು ಅವ್ವ, ಕನ್ನಡದಲ್ಲೇ. ಅವರಿಗೆ ತಿಳಿಯಲಿಲ್ಲ. ಅವ್ವ ಫೈಲು ಪಕ್ಕಕ್ಕೆ ಸರಿಸಿ, ಅಂಗೈಯಿಂದ ಮೇಜನ್ನು ಪಟಪಟ ಬಡಿದು ತೋರಿಸಿದಳು. ಡಾಕ್ಟರ ಪೆನ್ನು ಉರುಳಿ ಕೆಳಗೆ ಬಿತ್ತು.

ಅವರು ಗೀಟುಗಳನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿ ನಕ್ಕುಬಿಟ್ಟರು. ಗೀಟು ಕುಣಿಸಿದ್ದು ಎದೆಯಲ್ಲ, ರೊಟ್ಟಿ ಬಡಿದ ಕೈ. ಆ ಗದ್ದಲದ ನಡುವೆಯೂ ಎದೆ ತನ್ನ ಪಾಡಿಗೆ ನೆಟ್ಟಗೆ ಬಡಿಯುತ್ತಿತ್ತು. ನನಗೆ ಹೋದ ಜೀವ ಬಂದಂತಾಯಿತು.

"ಖಾತ್ರಿಗೆ ಇನ್ನೊಂದು ದಿನ ಮಷಿನ್ ಹಾಕೋಣ. ಅವತ್ತು ರೊಟ್ಟಿ ಮಾತ್ರ ಬೇಡ," ಎಂದರು ಡಾಕ್ಟರು.

ಅಪ್ಪ ನನ್ನ ಕೈ ಬಿಟ್ಟರು. "ಒಂದ ಹೊತ್ತಲ್ಲ, ಎರಡೂ ಹೊತ್ತು ಬ್ಯಾಡಂತೇನು?"

ಅವ್ವ ನನ್ನತ್ತ ತಿರುಗಿದಳು. "ಅದನ್ನ ಚೀಟ್ಯಾಗ ಬರದು ಕೊಡ್ರಿ ಅಂತ ಹೇಳವಾ. ಬಾಯಿಮಾತು ಇವ್ರು ಕೇಳಂಗಿಲ್ಲ."

ಡಾಕ್ಟರು ಬರೆದುಕೊಟ್ಟರು. ಚೀಟಿ ಈಗ ಒಲೆಯ ಹಿಂದಿನ ಗೋಡೆಯ ಮೇಲಿದೆ. ತಾರೀಖಿನ ಜಾಗವನ್ನು ಅವ್ವ ಖಾಲಿ ಬಿಡಿಸಿಕೊಂಡು ಬಂದಿದ್ದಾಳೆ.