ಜೊಲ್ಲು ತಿಕ್ಕಿದ ಕೈ

ಹೊಳೆವ್ವನ ದೊಡ್ಡಿಯಲ್ಲಿ ಮರಿಗಳು ಹಾಲು ಕುಡಿಯುತ್ತಲೇ ಸತ್ತವು. ಮೊಲೆ ಬಾಯಲ್ಲಿದ್ದಂತೆಯೇ ಮುಂಗಾಲು ಮಡಿಸಿ ಬೀಳುತ್ತಿದ್ದವು. ಬಾಯಲ್ಲಿ ಹುಣ್ಣಿರಲಿಲ್ಲ, ಕಾಲು ಕುಂಟುತ್ತಿರಲಿಲ್ಲ. ಹೊಳೆವ್ವ ಅವನ್ನೆತ್ತಿ ಗೋಡೆಯ ಬದಿಗೆ ಮಲಗಿಸಿ, ಮೇಲೆ ಗೋಣಿತಾಟು ಎಳೆದು, ಮತ್ತೆ ಕೆಲಸಕ್ಕೆ ತಿರುಗುತ್ತಿದ್ದಳು. ಅಳಲಿಲ್ಲ. ಅಳು ಎಲ್ಲಿಂದ ಬರಬೇಕೋ ಅಲ್ಲಿ ಏನೂ ಇರಲಿಲ್ಲ.

ಬಿಜ್ಜರಗಿಯಲ್ಲಿ ಕುರಿಯ ಬೇನೆಗೆ ಎಲ್ಲರೂ ಕೇಳುವುದು ಅವಳನ್ನೇ. ಗಂಡ ಅಮೋಘಿ ಹಿಂಡು ಮೇಯಿಸುತ್ತಾನೆ. ಈಯುವುದು, ಹುಣ್ಣು, ಹುಳ ಎಲ್ಲ ಅವಳ ಪಾಲು. ಬಬಲೇಶ್ವರದ ಸಂತೆಯಿಂದ ತಂದ ಕುರಿಯೊಂದು ಜೊಲ್ಲು ಸುರಿಸಿದಾಗ ಅದು ಕಾಲುಬಾಯಿ ಬೇನೆಯೆಂದು ಗುರುತಿಸಿ, ಅತ್ತೆ ಮಾಡುತ್ತಿದ್ದುದನ್ನೇ ಮಾಡಿದಳು. ಆ ಜೊಲ್ಲನ್ನು ಬಟ್ಟೆಯಿಂದ ಒರೆಸಿ, ಉಳಿದ ಕುರಿಗಳ ಬಾಯೊಳಗೆಲ್ಲ ತಿಕ್ಕಿದಳು. ಬೇನೆ ಒಂದೊಂದಕ್ಕೇ ಹರಡಿದರೆ ಹಿಂಡು ತಿಂಗಳುಗಟ್ಟಲೆ ಕೂತಲ್ಲೇ ಕೂರುತ್ತದೆ. ಒಮ್ಮೆಗೇ ಬಂದರೆ ಒಮ್ಮೆಗೇ ಹೋಗುತ್ತದೆ. ದೊಡ್ಡ ಕುರಿಗಳಿಗೆ ಹಾಗೆಯೇ ಆಯಿತು. ಮರಿಗಳಿಗೆ ಅವಳು ತಿಕ್ಕಿರಲೇ ಇಲ್ಲ.

"ತಾಯಂದಿರಿಗೆ ತಿಕ್ಕಿದ್ರ ಬ್ಯಾನಿ ಮರೀನ ಬಿಡತೈತೇನ್ರಿ?" ಎಂದರು ತಿಕೋಟಾದಿಂದ ಬಂದ ಪಶುವೈದ್ಯೆ. "ದೊಡ್ಡವು ತಡಕೋತಾವು. ಮರಿಗೆ ಇದು ಎದಿಗೇ ಹೋಗತೈತಿ. ಉಳಿದವನ್ನ ಬ್ಯಾರೆ ಕಟ್ರಿ, ಓಡಸಬ್ಯಾಡ್ರಿ."

ಅಮೋಘಿ ಊರಲ್ಲಿ ಬೇರೆಯೇ ಹೇಳಿದ್ದ: ಮರಿ ಮಾರಿದೆವು. ಹೆಂಡತಿಯ ಹೆಸರು ಕೆಡಬಾರದೆಂದು. ಹೊಳೆವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ವಿಜಯಪುರದಲ್ಲಿ ಬಿಎಸ್ಸಿ ಓದುವ ಮೊಮ್ಮಗಳು ಗೀತಾಂಜಲಿ ಶನಿವಾರದ ಬಸ್ಸಿಗೆ ಬಂದಳು.

"ಒಳಗ ಏನ ಆಕ್ಕೈತಿ?" ಹೊಳೆವ್ವ ಕೇಳಿದಳು.

ಗೀತಾಂಜಲಿ ಅಜ್ಜಿಗೆ ತಿಳಿಯುವಂತೆ ಹೇಳಿದಳು. ಮೈಯ ಒಂದೊಂದು ಜೀವಕೋಶದಲ್ಲೂ ಪ್ರೋಟೀನು ಕಟ್ಟುವ ಯಂತ್ರಗಳಿವೆ. ಏನು ಕಟ್ಟಬೇಕೆಂಬ ಆದೇಶ ಚೀಟಿಗಳಂತೆ ಬರುತ್ತದೆ. ಪ್ರತಿ ಚೀಟಿಯ ತಲೆಗೊಂದು ಮುಚ್ಚಳ. ಆ ಮುಚ್ಚಳ ಹಿಡಿದ ಕೈಯನ್ನು ಯಂತ್ರಕ್ಕೆ ಜೋಡಿಸುವ ಕೊಂಡಿಯೊಂದಿದೆ. ಈ ವೈರಸ್ ಹೊಕ್ಕ ಕೂಡಲೇ ಒಂದು ಕತ್ತರಿ ಮಾಡಿಸಿಕೊಂಡು ಆ ಕೊಂಡಿಯನ್ನು ತುಂಡರಿಸುತ್ತದೆ. ಯಂತ್ರ ಕೆಡುವುದಿಲ್ಲ. ಕೋಶದ ಚೀಟಿಗಳು ಅದನ್ನು ಮುಟ್ಟುವುದಿಲ್ಲ, ಅಷ್ಟೇ. ವೈರಸ್ಸಿನ ಚೀಟಿಗೆ ಮುಚ್ಚಳವೇ ಬೇಡ. ಕೊಂಡಿಯ ಉಳಿದ ತುಂಡನ್ನೇ ಹಿಡಿದು ಅದು ಯಂತ್ರ ಹತ್ತುತ್ತದೆ. ಯಂತ್ರ ಇನ್ನು ಅದಕ್ಕೇ ದುಡಿಯುತ್ತದೆ.

"ಬಾಜೂದ ಕೋಶಕ್ಕ ಎಚ್ಚರಾ ಅಂತ ಹೇಳೂದೂ ಒಂದ ಪ್ರೋಟೀನ, ಆಯಿ. ಅದೂ ಆಗೂದಿಲ್ಲ."

"ಅಂದ್ರ ಬಾಜೂದವಕ್ಕ ತಿಳಿಯೂದಿಲ್ಲ?"

"ತಿಳಿಯೋದ್ರಾಗ ಅವಕ್ಕೂ ಬಂದಿರತೈತಿ."

ಹಿತ್ತಲಲ್ಲಿ ಅಮೋಘಿ ಗುಂಡಿ ತೋಡುವ ಗುದ್ದಲಿಯ ಸದ್ದು ಬರುತ್ತಿತ್ತು.

ಅಷ್ಟರಲ್ಲಿ ಮೇಲಿನ ಓಣಿಯ ಚಂದ್ರಕಾಂತ ಬಾಗಿಲಿಗೆ ಬಂದ. ಅವನ ಹಿಂಡಿನಲ್ಲಿ ಹಾಲು ಕುಡಿಯುವ ಮರಿಗಳೇ ಬಹಳ. ಹೆಗಲ ಮೇಲೆ ಒಗೆದ ಪಂಜೆಯ ತುಂಡೊಂದಿತ್ತು.

"ಏನಬೇ ಅಕ್ಕಾ, ನಿನ್ನ ಕುರಿ ಆರಾಮ ಆಗ್ಯಾವಂತ. ಇನ್ನೂ ಜೊಲ್ಲ ಸುರಸೂದು ಒಂದರೆ ಐತೇನ? ಒಂದೀಟ ಒರಸಿ ಕೊಡು. ನಾನೂ ಒಮ್ಮೆಲೆ ಮುಗಿಸಿ ಹಿಂಡ ಹೊರಡಸ್ತೇನಿ."

ಹೊಳೆವ್ವ ಅವನ ಹೆಗಲ ಮೇಲಿನ ಪಂಜೆಯನ್ನೇ ನೋಡಿದಳು.

"ಯಾಕ, ಜೊಲ್ಲಿಗೂ ರೊಕ್ಕ ಬೇಕೇನ? ಮರಿ ಮಾರಿದ ಗಂಟ ಸಾಲಲಿಲ್ಲೇನ ನಿಮಗ?" ಅವನು ನಕ್ಕ.

"ಮಾರಿಲ್ಲ," ಎಂದಳು ಹೊಳೆವ್ವ. ಗೋಡೆಯ ಬದಿಗೆ ಹೋಗಿ ಗೋಣಿತಾಟು ಎತ್ತಿದಳು.

ಚಂದ್ರಕಾಂತನ ನಗು ನಿಂತಿತು. "ಯಪ್ಪಾ... ಯಾರರೆ ಮಾಟಾ ಮಾಡ್ಯಾರೇನ?"

ಹೂಂ ಎಂದಿದ್ದರೆ ಅವನು ನಂಬುತ್ತಿದ್ದ. ಪಂಜೆ ಹಿಡಿದು ಇನ್ನೊಬ್ಬರ ದೊಡ್ಡಿಗೆ ಹೋಗುತ್ತಿದ್ದ.

"ಯಾರೂ ಮಾಡಿಲ್ಲ. ನಾ ತಿಕ್ಕೇನಿ, ಈ ಕೈಲೆ. ಅದಕ್ಕ ಸತ್ತಾವು. ನೀ ತಿಕ್ಕಬ್ಯಾಡ. ನೀರಿಗೂ ಹಿಂಡ ನಮ್ಮ ಕಡೆ ಹೊಡಕೊಂಡ ಬರಬ್ಯಾಡ."

"ನೀನ ಹಿಂಗಂದ್ರ ನಾವು ಯಾರನ್ನ ಕೇಳಬೇಕು ಅಕ್ಕಾ?"

"ತಿಕೋಟಾದ ಡಾಕ್ಟರ್‌ಬಾಯಾರನ್ನ ಕೇಳು."

ಅವನು ಪಂಜೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಒಳಗೆ ಕಾಲಿಡದೆ ಬಾಗಿಲಿಂದಲೇ ಹಿಂದೆ ಸರಿದ.

ಹೊಳೆವ್ವ ಗೋಣಿತಾಟು ಸರಿಮಾಡಿ ಎದ್ದಳು. ಮುಖದಲ್ಲಿ ಏನೂ ಬದಲಾಗಿರಲಿಲ್ಲ.

"ಗೀತಾ, ಕೆಳಗಿನ ಓಣಿ ನಿಜಾಮುದ್ದೀನಗ ಫೋನ್ ಹಚ್ಚು. ಅವನ ಆಡೂ ಈದಾವು."

ಗೀತಾಂಜಲಿ ಹಚ್ಚಿ ಕೊಟ್ಟಳು. ಹೊಳೆವ್ವ ಫೋನನ್ನು ಬಾಯಿಯ ಹತ್ತಿರ ಹಿಡಿದು, ಚಂದ್ರಕಾಂತನಿಗೆ ಹೇಳಿದ ಅದೇ ಮಾತನ್ನು ಅದೇ ದನಿಯಲ್ಲಿ ಮೊದಲಿಂದ ಹೇಳತೊಡಗಿದಳು.