ಪುಸ್ತಕಗಳ ಬೀಗ ತೆಗೆಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಧರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಅಕ್ಕ ಕಂಪ್ಯೂಟರಿನ ಪರದೆ ಆರಿಸಿ, ಕಣ್ಣು ಮುಚ್ಚಿ ಕೂತಿದ್ದಾರೆ. ತೂಕಡಿಸುತ್ತಿದ್ದಾರೆ ಎಂದುಕೊಂಡರೆ ಮೋಸಹೋದಿರಿ. ಕಂಪ್ಯೂಟರು ಗಡಗಡನೆ ಓದುತ್ತಿರುವ ಪಠ್ಯಪುಸ್ತಕಕ್ಕೆ ಅವರು ಕಿವಿಗೊಟ್ಟಿದ್ದಾರೆ. ತಪ್ಪು ಕೇಳಿಸಿದ್ದೇ ತಡ, "ಅಯ್ಯೋ ನಿನ್ನ!" ಎಂದು ಪರದೆ ಹಚ್ಚುತ್ತಾರೆ.

ಇ-ಪುಸ್ತಕಗಳಿಗೆ ಪ್ರಕಾಶಕರು ನಕಲು ತಡೆಯುವ ಬೀಗ ಹಾಕಿರುತ್ತಾರೆ. ಅದು ಕಳ್ಳರನ್ನು ತಡೆಯುತ್ತದೋ ಇಲ್ಲವೋ, ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶದ ಬಾಯನ್ನಂತೂ ಮುಚ್ಚಿಸುತ್ತದೆ. ಆ ಬೀಗ ತೆಗೆಯುವ ತಂತ್ರಾಂಶವನ್ನು ಬರೆದವರು ಅಕ್ಕ. ಇಲ್ಲಿಗೆ ಬೆರಳಚ್ಚು ಕೆಲಸಕ್ಕೆ ಸೇರಿದವರು ಪ್ರೋಗ್ರಾಮಿಂಗ್ ಕಲಿತದ್ದು ಕಣ್ಣು ಕಾಣದ ತಮ್ಮನಿಗಾಗಿ.

"ಅವನಿಗೆ ಪಾಠ ಓದಿ ಓದಿ ಗಂಟಲು ಕಟ್ತಿತ್ತು. ಸೋಮಾರಿತನಕ್ಕೆ ಬರೆದೆ ಅನ್ಕೊಳ್ಳಿ" ಎಂದು ನಗುತ್ತಾರೆ.

ತಮ್ಮ ಈಗ ಫಿಸಿಯೋಥೆರಪಿಸ್ಟ್. ಮೊದಮೊದಲು ಅಕ್ಕ ಪುಸ್ತಕವನ್ನು ಬರಿ ಕಣ್ಣಲ್ಲಿ ನೋಡಿ ಕಳಿಸುತ್ತಿದ್ದರಂತೆ. ಒಮ್ಮೆ ಪುಟಸಂಖ್ಯೆ ವಾಕ್ಯದ ನಡುವೆ ನುಸುಳಿ, "ಮೊಣಕಾಲನ್ನು ನೂರಾ ನಲವತ್ತೆರಡು ಮಡಿಸಿ" ಎಂದು ಕಂಪ್ಯೂಟರು ಓದಿತು. ಅಷ್ಟು ಸಲ ಎಂದು, ಆಗಿನ್ನೂ ಕಲಿಯುತ್ತಿದ್ದ ತಮ್ಮ ನಂಬಿದ. ಪಾಪ, ರೋಗಿ ಮೂವತ್ತರವರೆಗೆ ಮಡಿಸಿ ಕೈಮುಗಿದರು. ಅಂದಿನಿಂದ ಪರೀಕ್ಷೆಯೆಲ್ಲ ಪರದೆ ಆರಿಸಿಯೇ.

ಹೋದ ವರ್ಷ ಪ್ರಕಾಶಕರೊಬ್ಬರು ಗ್ರಂಥಾಲಯಕ್ಕೆ ನೋಟಿಸ್ ಕಳಿಸಿದರು: ತಂತ್ರಾಂಶ ಅಳಿಸಿ, ಇಲ್ಲವೇ ಕೋರ್ಟಿಗೆ ಬನ್ನಿ. ಅಂಧರು ಬೀಗ ತೆಗೆದು ಓದಬಹುದು, ಆದರೆ ತೆಗೆಯುವ ತಂತ್ರಾಂಶ ಬರೆಯುವುದು ಅಪರಾಧ ಎಂಬುದು ಅವರ ವಾದ. ತಂಟೆ ಬೇಡ, ಅಳಿಸಿಬಿಡಿ ಎಂದು ಆಡಳಿತ ಮಂಡಳಿಯೂ ಕೈಚೆಲ್ಲಿತು. ಅಕ್ಕ ಜಗ್ಗಲಿಲ್ಲ. ಅಳಿಸಿದ್ದರೆ ಇಲ್ಲಿನ ಓದುಗರೆಲ್ಲರ ಪುಸ್ತಕಗಳು ಮತ್ತೆ ಮೂಕವಾಗುತ್ತಿದ್ದವು.

"ಬಾಗಿಲು ತೆಗೀಬಹುದು, ಕೀಲಿಕೈ ಮಾಡ್ಬಾರ್ದು ಅಂದ್ರೆ ಹೇಗೆ ಸ್ವಾಮಿ? ಕಣ್ಣು ಕಾಣದವ್ರು ಗೋಡೆ ಹಾರ್ಬೇಕಾ?" ನ್ಯಾಯಾಧೀಶರ ಮುಂದೆಯೂ ಅವರು ಕೇಳಿದ್ದು ಇದನ್ನೇ.

ಕಳೆದ ತಿಂಗಳು ತೀರ್ಪು ಬಂದಿದೆ. ಅಂಧರ ಓದಿಗಾಗಿ ಇಂಥ ತಂತ್ರಾಂಶ ಬರೆಯುವುದೂ ಹಂಚುವುದೂ ಕಾನೂನುಬದ್ಧ ಹಕ್ಕು. ಆ ಸಾಲು ಓದಿದಾಗ, ಕೇಸಿಗೆ ಏನೂ ಅಲ್ಲದ ನನಗೇ ಎದೆಯುಬ್ಬಿತು.

ಈಗೇನು ಬದಲಾಯಿತು ಎಂದರೆ ಅಕ್ಕ ಹೆಗಲು ಕುಣಿಸುತ್ತಾರೆ. "ಏನಿಲ್ಲ, ಅದೇ ಕೆಲ್ಸ. ಭಯಕ್ಕೆ ಇಷ್ಟು ದಿನ ತಂತ್ರಾಂಶದಲ್ಲಿ ಬರೆದವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ. ತೀರ್ಪು ಬಂದ ದಿನ ತುಂಬಿಸ್ದೆ. ಈಗ ತೆರೆದ ತಕ್ಷಣ ಅದು ನನ್ನ ಹೆಸರು ಓದುತ್ತೆ. ನನ್ ತಮ್ಮ ಇದಾನಲ್ಲ, ಬೇಕಂತ್ಲೇ ಮುಚ್ಚಿ ಮುಚ್ಚಿ ತೆರೀತಾನೆ."